ಗಾಳಿ ತಾಗುವ ಮೊದಲು

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಜೆ ಮಲ್ಲೇಶ್ವರಕ್ಕೆ ವಾಪಸಾಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಜನ ಕಂಬಿ ಹಿಡಿದು ಜೋತಾಡಿಕೊಂಡು ಬರುತ್ತಿದ್ದರೇ ಹೊರತು ನನ್ನ ಪಕ್ಕ ಕೂರುತ್ತಿರಲಿಲ್ಲ. ಇದಕ್ಕೆ ಕಾರಣ ಮರ್ಕ್ಯಾಪ್ಟೊಎಥನಾಲ್ ಎಂಬ ದ್ರವ. ಪ್ರೋಟೀನಿನ ಕೆಲಸ ಮಾಡುವ ಎಲ್ಲ ಪ್ರಯೋಗಾಲಯಗಳಲ್ಲೂ ಅದರ ಬಾಟಲಿ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರ ಮುಂದೆ ಏನೂ ಅಲ್ಲ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದರು. "ಲಲಿತಾ, ಹಿಂದಗಡೆಯಿಂದ ಬಾರಮ್ಮ, ಮೊದ್ಲು ಸ್ನಾನ ಮಾಡ್ಬಿಡು. ದೇವರ ಮನೆ ಮುಂದೆ ಹಾದು ಹೋಗ್ಬೇಡ" ಎನ್ನುತ್ತಿದ್ದರು. ನಾನು ಆಸ್ಪತ್ರೆಯಲ್ಲಿ ಹೆಣ ಕೊಯ್ಯುವ ಕೆಲಸ ಮಾಡುತ್ತೇನೆ ಎಂದೇ ಅವರು ಬಹಳ ದಿನ ನಂಬಿದ್ದರು.

ನಿವೃತ್ತಿಯಾದ ಮೇಲೆ ಲ್ಯಾಬಿನ ಹುಡುಗ ಹುಡುಗಿಯರು "ಮೇಡಂ, ಏನಾದ್ರೂ ಬರೆದುಕೊಡಿ, ಹೊಸಬರಿಗೆ ಉಪಯೋಗ ಆಗತ್ತೆ" ಎಂದು ಗಂಟು ಬಿದ್ದರು. ಯಾವಾಗ ಬಡ್ತಿ ಸಿಕ್ಕಿತು, ಯಾವ ಸಮ್ಮೇಳನಕ್ಕೆ ಹೋಗಿ ಶಾಲು ಹೊದೆಸಿಕೊಂಡು ಬಂದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಆಗಿಹೋದ ಎಡವಟ್ಟುಗಳು, ಕೆಲವು ಮನುಷ್ಯರು, ಮತ್ತು ಗಂಧಕ.

ಗಂಧಕದಿಂದಲೇ ಶುರು ಮಾಡಬೇಕು. ಪ್ರೋಟೀನು ಒಂದು ಉದ್ದನೆಯ ಸರಪಳಿ. ಅದರಲ್ಲಿ ಅಲ್ಲಲ್ಲಿ ಗಂಧಕವಿರುವ ಕೊಂಡಿಗಳಿರುತ್ತವೆ. ಅವನ್ನು ಸಿಸ್ಟೀನ್ ಎನ್ನುತ್ತೇವೆ. ಈ ಗಂಧಕಕ್ಕೆ ಸುಮ್ಮನೆ ಇರುವ ಸ್ವಭಾವವೇ ಇಲ್ಲ. ಜೀವಕೋಶದೊಳಗೆ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿದರೆ ಸಾಕು, ಅದು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಇಲ್ಲವೇ ಹತ್ತಿರದ ಇನ್ನೊಂದು ಗಂಧಕದ ಕೈ ಹಿಡಿಯುತ್ತದೆ. ಕೈ ಹಿಡಿದರೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಅದರ ಕೆಲಸವೂ ಬದಲಾಗುತ್ತದೆ. ಆಮೇಲೆ ಮತ್ತೆ ಕೈ ಬಿಡಿಸಲೂಬಹುದು. ಶಾಲೆಯಲ್ಲಿ ಉತ್ಕರ್ಷಣ, ಅಪಕರ್ಷಣ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಇದು. ಲ್ಯಾಬಿನಲ್ಲಿ ಎರಡನ್ನೂ ಸೇರಿಸಿ ರೆಡಾಕ್ಸ್ ಎನ್ನುತ್ತೇವೆ.

ಜೀವಕೋಶದಲ್ಲಿ ಬ್ರೇಕಿನಂತಿರುವ ಒಂದು ಪ್ರೋಟೀನಿದೆ. 'ಬೆಳೆದದ್ದು ಸಾಕು, ಇದ್ದಲ್ಲೇ ಇರು' ಎಂದು ಹೇಳುವುದು ಅದರ ಕೆಲಸ. ಅದರ ಎರಡು ಗಂಧಕಗಳು ಒಂದರ ಕೈ ಒಂದು ಹಿಡಿದುಬಿಟ್ಟರೆ ಬ್ರೇಕು ಹಿಡಿಯುವುದಿಲ್ಲ. ಆಗ ಕ್ಯಾನ್ಸರ್ ಕೋಶ ಬೆಳೆಯುತ್ತಲೇ ಹೋಗುತ್ತದೆ, ಹುಟ್ಟಿದ ಜಾಗ ಬಿಟ್ಟು ನಡೆಯಲೂ ಶುರುಮಾಡಬಹುದು. ಜನರ ಪ್ರಾಣ ತೆಗೆಯುವುದು ಹೆಚ್ಚಾಗಿ ಹೀಗೆ ನಡೆದು ಹೋಗುವ ಕ್ಯಾನ್ಸರೇ. ಆ ಬ್ರೇಕು ಯಾವಾಗ, ಯಾವ ಗಡ್ಡೆಯಲ್ಲಿ ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡುವುದರಲ್ಲೇ ನನ್ನ ಕೆಲಸದ ದಿನಗಳು ಕಳೆದವು.

ಎಡವಟ್ಟುಗಳ ವಿಷಯಕ್ಕೆ ಬಂದರೆ ಮೊದಲು ಪ್ರಭಾಕರ ನೆನಪಾಗುತ್ತಾನೆ. ನನ್ನ ಜೊತೆಯಲ್ಲೇ ಸೇರಿದವನು, ಚಾಮರಾಜಪೇಟೆಯವನು, ಕೈಕೆಲಸದಲ್ಲಿ ಬಹಳ ಚೊಕ್ಕ. ಗಂಧಕಗಳು ಕೈ ಹಿಡಿದದ್ದನ್ನು ತೋರಿಸಬೇಕೆಂದು ತಿಂಗಳುಗಟ್ಟಲೆ ಒದ್ದಾಡಿದ. ಪ್ರತಿ ಸಲವೂ ಪ್ರೋಟೀನಿನ ಗೆರೆ ಮೂಡುವ ಎಕ್ಸ್‌ರೇ ಫಿಲ್ಮಿನಲ್ಲಿ ಅದರ ಗುರುತೇ ಇಲ್ಲ. ಹುಡುಗ ಇಳಿದುಹೋದ. ನಮ್ಮ ಗುಂಪಿನ ಮುಖ್ಯಸ್ಥರು ಶ್ರೀಕಂಠಯ್ಯನವರು. ಬಸವನಗುಡಿಯಿಂದ ಬೆಳಗಿನ ವಾಕಿಂಗು, ಕಾಫಿ ಎಲ್ಲ ಮುಗಿಸಿಯೇ ಲ್ಯಾಬಿಗೆ ಬರುವವರು, ಕೋಪ ಬಂದರೆ ದನಿ ಇನ್ನೂ ತಗ್ಗಿಸುವವರು. ಒಂದು ದಿನ ಅವರು ಪ್ರಭಾಕರನ ಹಿಂದೆ ನಿಂತು ಅವನು ಮಾಡುವುದನ್ನು ನೋಡಿದರು. ಪ್ರಭಾಕರ ಎಲ್ಲ ಮುಗಿಸಿ, ಕೊನೆಯಲ್ಲಿ ಅಭ್ಯಾಸಬಲದಿಂದ ಮರ್ಕ್ಯಾಪ್ಟೊಎಥನಾಲ್ ಬಾಟಲಿಗೆ ಕೈ ಹಾಕಿದ. ಗಂಧಕಗಳ ಕೈ ಬಿಡಿಸುವುದೇ ಆ ದ್ರವದ ಕೆಲಸ! ಬೇರೆ ಪ್ರಯೋಗಗಳಿಗೆ ಅದು ಬೇಕೇ ಬೇಕು. ಆದ್ದರಿಂದ ಎಲ್ಲರ ಕೈಯೂ ತಾನಾಗಿ ಅಲ್ಲಿಗೇ ಹೋಗುತ್ತದೆ. "ಸಾಕ್ಷಿನೆಲ್ಲ ತೊಳೆದು ಆಮೇಲೆ ಹುಡುಕ್ತಾ ಕೂತಿದೀಯಲ್ಲೋ ಪ್ರಭಾಕರ" ಎಂದರು ಶ್ರೀಕಂಠಯ್ಯನವರು, ಪಿಸುದನಿಯಲ್ಲಿ. ಪ್ರಭಾಕರನಿಗೆ ನಗು ಬರಲು ವರ್ಷಗಳೇ ಬೇಕಾದವು. ಅವನಿಗಿಂತ ಮೊದಲು ಎಷ್ಟು ಜನ ಹೀಗೆ ಮಾಡಿ ಬಾಯಿ ಮುಚ್ಚಿಕೊಂಡಿದ್ದರೋ ಯಾರಿಗೆ ಗೊತ್ತು.

ಈಗ ಎಲ್ಲ ಬದಲಾಗಿದೆ. ಕೆಂಪು ದೀಪದ ಕತ್ತಲ ಕೋಣೆಯಲ್ಲಿ ಒದ್ದೆ ಫಿಲ್ಮು ಹಿಡಿದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಸುಖ ನಿಮಗೆ ಸಿಕ್ಕಿಲ್ಲ. ಈಗ ಯಂತ್ರಕ್ಕೆ ಒಂದು ಹನಿ ಹಾಕಿದರೆ ಯಾವ ಪ್ರೋಟೀನಿನ ಯಾವ ಗಂಧಕಕ್ಕೆ ಏನಾಗಿದೆ ಎಂದು ಅದೇ ಹೇಳುತ್ತದೆ. ಆದರೆ ಒಂದು ಕೆಲಸ ಮಾತ್ರ ಹಾಗೇ ಉಳಿದಿದೆ. ಜೀವಕೋಶವನ್ನು ಒಡೆಯುವ ಮೊದಲು ಗಂಧಕಗಳಿಗೆಲ್ಲ ಮುಚ್ಚುಮದ್ದು ಹಾಕಬೇಕು. ಈ ಮದ್ದು ಗಂಧಕಕ್ಕೆ ಟೋಪಿಯ ಹಾಗೆ ಕೂತು, ಅದು ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಉಳಿಸುತ್ತದೆ. ಹಾಕದಿದ್ದರೆ ಹೊರಗಿನ ಗಾಳಿ ತಾಗಿ ಗಂಧಕ ಬದಲಾಗುತ್ತದೆ; ನೀವು ನೋಡುವುದು ಗಾಳಿಯ ಕೆಲಸವನ್ನೇ ಹೊರತು ರೋಗದ್ದನ್ನಲ್ಲ. ಬಾಳೆಹೂವು ಬಿಡಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಹೆಚ್ಚಿದ ತಕ್ಷಣ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದಲ್ಲ, ಹಾಗೆ.

ಈ ಕೆಲಸದವರಿಗೆ ಇನ್ನೊಂದು ಕಷ್ಟವಿದೆ, ಅದನ್ನೂ ಹೇಳಿಬಿಡುತ್ತೇನೆ. ನೀವೇನು ಮಾಡುತ್ತೀರಿ ಎಂದು ಜನ ಕೇಳುತ್ತಾರೆ. ಸಂಪಿಗೆ ರಸ್ತೆಯಲ್ಲಿ ಸೊಪ್ಪು ಕೊಳ್ಳುವಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ. ಒಮ್ಮೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ನಾನು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕೇಳಿ, "ಅಷ್ಟೇ ತಾನೆ? ಆಕ್ಸಿಡೇಶನ್ ನಿಲ್ಲಿಸ್ಬೇಕು. ನೆಲ್ಲಿಕಾಯಿ ರಸ ಕುಡಿದ್ರಾಯ್ತು" ಎಂದರು. ನಾವೂ ಮೊದಮೊದಲು ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಗಡ್ಡೆ ಬಿಟ್ಟು ರಕ್ತದಲ್ಲಿ ತೇಲಿಹೋಗುವ ಕ್ಯಾನ್ಸರ್ ಕೋಶ ತನ್ನ ಪ್ರಾಣ ಉಳಿಸಿಕೊಳ್ಳಲು ನೆಲ್ಲಿಕಾಯಿಯಲ್ಲಿರುವಂಥ ಉತ್ಕರ್ಷಣ ನಿರೋಧಕಗಳನ್ನೇ ಬಳಸಿಕೊಳ್ಳಬಲ್ಲದು. ಒಂದು ಕಡೆ ಶತ್ರು, ಇನ್ನೊಂದು ಕಡೆ ನೆಂಟ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರ ಮುಖ ಬಾಡಿತು. ಅವರ ಹೆಂಡತಿಗೆ ಆಗ ಚಿಕಿತ್ಸೆ ನಡೆಯುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಯಾರಿಗೂ ಥಟ್ಟನೆ ಉತ್ತರ ಕೊಡುವುದನ್ನು ಬಿಟ್ಟೆ. 'ನಿಮ್ಮ ಡಾಕ್ಟರನ್ನು ಕೇಳಿ' ಎಂದು ಹೇಳಿ, ಜೊತೆಗೆ 'ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?' ಎಂದು ವಿಚಾರಿಸುವುದನ್ನು ಕಲಿತೆ.

ಇನ್ನು ಚೈತ್ರಾಳ ವಿಷಯ. ಇದನ್ನು ಹೇಳಲೆಂದೇ ಕೂತಿದ್ದೇನೆ ಎಂದರೂ ತಪ್ಪಿಲ್ಲ.

ಚೈತ್ರಾ ನನ್ನ ನಿವೃತ್ತಿಗೆ ಮೊದಲಿನ ಕೊನೆಯ ವಿದ್ಯಾರ್ಥಿನಿ. ಕುಮಾರ ಪಾರ್ಕಿನ ಹುಡುಗಿ. ತಂದೆ ಹಳ್ಳಿಯ ಜಮೀನು ಬಿಟ್ಟು ಬಂದು ಸೈಟು ವ್ಯವಹಾರದಲ್ಲಿ ನೆಲೆ ನಿಂತವರು. ಮಗಳು ಇಷ್ಟು ವರ್ಷ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ, "ಕ್ಯಾನ್ಸರ್ ಡಾಕ್ಟ್ರು, ಆದ್ರೆ ಪೇಷಂಟ್ ನೋಡಲ್ಲ" ಎನ್ನುತ್ತಿದ್ದರಂತೆ. ಅವಳ ಕೆಲಸ ಬಟ್ಟಲಲ್ಲಿ ಬೆಳೆಸಿದ ಕೋಶಗಳ ಮೇಲಲ್ಲ, ಆಪರೇಷನ್ನಿನಲ್ಲಿ ತೆಗೆದ ನಿಜವಾದ ಸ್ತನದ ಗಡ್ಡೆಗಳ ಮೇಲೆ. ಗಡ್ಡೆಯ ಒಂದು ಚೂರು, ಪಕ್ಕದ ಆರೋಗ್ಯವಾದ ಭಾಗದ ಒಂದು ಚೂರು, ಎರಡನ್ನೂ ಐಸಿನ ಡಬ್ಬಿಯಲ್ಲಿಟ್ಟು ಆಟೋದಲ್ಲಿ ಲ್ಯಾಬಿಗೆ ತಂದು, ಮುಚ್ಚುಮದ್ದು ಹಾಕಿ, ಬ್ರೇಕು ಪ್ರೋಟೀನು ಹೇಗಿದೆ ಎಂದು ಹೋಲಿಸಿ ನೋಡುವುದು.

ಇದಕ್ಕೆ ರೋಗಿಗಳ ಒಪ್ಪಿಗೆ ಬೇಕು. ಆಪರೇಷನ್ನಿನ ಹಿಂದಿನ ದಿನ ವಾರ್ಡಿಗೆ ಹೋಗಿ ಅವರ ಜೊತೆ ಮಾತಾಡುವುದು ನನ್ನ ಪಾಲಿನ ಕೆಲಸ. ಹೆದರಿ ಕುಳಿತವರ ಎದುರು ನಿಂತು 'ನಿಮ್ಮ ಗಡ್ಡೆಯಲ್ಲಿ ನಮಗೊಂದು ಚೂರು ಕೊಡಿ' ಎಂದು ಕೇಳುವುದು ಸುಲಭವಲ್ಲ. ಆದರೂ ಬೇಡ ಎಂದವರು ಬಹಳ ಕಡಿಮೆ. ಜನ ಎಷ್ಟು ಒಳ್ಳೆಯವರು ಎಂಬುದನ್ನು ನಾನು ಕಲಿತದ್ದು ಆ ವಾರ್ಡಿನಲ್ಲಿ.

ಗೌರಮ್ಮನವರನ್ನು ಕಂಡದ್ದೂ ಅಲ್ಲೇ. ಅಕ್ಕಿಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಹಳೆಯ ಮನೆತನ. ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಮಂಚದ ಮೇಲೆ ಅಂಗಡಿಯ ಗಾದಿಯಲ್ಲಿ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ತಗೊಳ್ಳಿ ತಗೊಳ್ಳಿ. ನಾನೇನು ಅದನ್ನ ಮನೆಗೆ ಕಟ್ಕೊಂಡು ಹೋಗ್ಬೇಕಾ? ಆದ್ರೆ ಒಂದು ಮಾತು. ಏನ್ ಗೊತ್ತಾಯ್ತು ಅಂತ ನೀವೇ ಬಂದು ನನಗೆ ಹೇಳ್ಬೇಕು. ಕೊಟ್ಟವರಿಗೆ ಯಾರೂ ಏನೂ ಹೇಳಲ್ಲ" ಎಂದರು.

ನಿಜವೇ. ನಾವು ಯಾರಿಗೂ ಹೇಳಿರಲಿಲ್ಲ. ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಪಕ್ಕದಲ್ಲಿದ್ದ ಚೈತ್ರಾಳನ್ನು ನೋಡಿ, "ಇವಳೂ ಬರ್ಲಿ" ಎಂದರು.

ಚೈತ್ರಾಳ ಫಲಿತಾಂಶ ಚೆನ್ನಾಗಿ ಬರುತ್ತಿತ್ತು. ಗಡ್ಡೆಯ ಚೂರಿನಲ್ಲಿ ಬ್ರೇಕು ಪ್ರೋಟೀನಿನ ಗಂಧಕಗಳು ಬಿಗಿಯಾಗಿ ಕೈ ಹಿಡಿದಿದ್ದವು, ಆರೋಗ್ಯವಾದ ಚೂರಿನಲ್ಲಿ ಹಾಗಿರಲಿಲ್ಲ. ಒಬ್ಬರಲ್ಲಲ್ಲ, ಹೆಚ್ಚುಕಡಿಮೆ ಎಲ್ಲರಲ್ಲೂ. ನಿವೃತ್ತರಾದರೂ ಗುಂಪಿನ ಹಿರಿಯರಾಗಿ ಲ್ಯಾಬು ಬಿಡದ ಶ್ರೀಕಂಠಯ್ಯನವರು ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿಯೂ ಬಿಟ್ಟರು. ಚೈತ್ರಾಳ ಫೆಲೋಶಿಪ್ ಮುಗಿಯುವುದರಲ್ಲಿತ್ತು, ಥೀಸಿಸ್ ಬರೆಯುವುದೊಂದೇ ಬಾಕಿ. ಅವಳ ಮನೆಯಲ್ಲಿ ಸಿಹಿ ಹಂಚುವ ಮಾತೂ ನಡೆದಿತ್ತು.

ಒಂದು ಬೆಳಿಗ್ಗೆ ಗಡ್ಡೆಯ ಚೂರು ತರಲು ಆಸ್ಪತ್ರೆಗೆ ಹೋದವಳು ಎಂದಿಗಿಂತ ತಡವಾಗಿ ಬಂದಳು. ಬಂದವಳೇ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ನಿಂತಳು.

"ಮೇಡಂ, ಒಂದು ಕೇಳ್ಲಾ? ಒಳ್ಳೇ ಚೂರನ್ನ ನನಗೆ ತಕ್ಷಣ ಕೊಟ್ಬಿಡ್ತಾರೆ, ಅದು ಆಗ್ಲೇ ಐಸಿಗೆ ಹೋಗತ್ತೆ. ಗಡ್ಡೇನ ಕೊಡಲ್ಲ. ಪೆಥಾಲಜಿಯವ್ರು ಅದನ್ನ ಅಳೆದು, ಅಂಚಿಗೆ ಬಣ್ಣ ಹಚ್ಚಿ, ಕೊಯ್ದು ನೋಡಿ, ಆಮೇಲೆ ಕೊಡೋದು. ಅಲ್ಲೀವರ್ಗೂ ಅದು ಟೇಬಲ್ ಮೇಲೆ ಬಿದ್ದಿರತ್ತೆ."

"ಐಸ್ ಇದೆಯಲ್ಲ?" ಎಂದೆ. ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ಐಸಿನಲ್ಲಿಟ್ಟರೆ ಎಲ್ಲ ನಿಂತುಬಿಡುತ್ತದೆ ಎಂದು ನಂಬಿದ್ದೆವು.

"ನನ್ನ ಕೈಗೆ ಬಂದ್ಮೇಲೆ ಐಸು. ಅದಕ್ಕೆ ಮುಂಚೆ ಬರೀ ಗಾಳಿ" ಎಂದಳು.

ಪೆಥಾಲಜಿಯವರದು ತಪ್ಪೇನಲ್ಲ. ರೋಗಿಗೆ ಮೊದಲು ಬೇಕಾದದ್ದು ಅವರ ವರದಿ, ನಮ್ಮ ಸಂಶೋಧನೆಯಲ್ಲ. ಆದರೆ ಚೈತ್ರಾ ಹೇಳುತ್ತಿದ್ದುದು ಈಗ ನನಗೆ ಅರ್ಥವಾಯಿತು. ಬಾಳೆಹೂವಿನ ಒಂದು ಪಾಲನ್ನು ಮಜ್ಜಿಗೆಗೆ ಬೇಗ ಹಾಕಿ, ಇನ್ನೊಂದು ಪಾಲನ್ನು ತಡವಾಗಿ ಹಾಕಿ, ಎರಡನೆಯದು ಕಪ್ಪಾಗಿದೆ ಎಂದರೆ ಅದು ಬಾಳೆಹೂವಿನ ಗುಣವೇ?

ಅದನ್ನು ಪರೀಕ್ಷಿಸದೆ ಬಿಡಬಹುದಿತ್ತು. ಪ್ರಬಂಧ ಹೋಗಿಯಾಗಿತ್ತು, ಕೇಳುವವರು ಯಾರೂ ಇರಲಿಲ್ಲ. ಯಾರೂ ಹೇಳದೆ ಚೈತ್ರಾ ತಾನೇ ಪರೀಕ್ಷೆ ಮಾಡಿದಳು. ಆರೋಗ್ಯವಾದ ಚೂರನ್ನು ತೆಗೆದುಕೊಂಡು, ಗಡ್ಡೆ ಎಷ್ಟು ಹೊತ್ತು ಕಾಯುತ್ತದೋ ಅಷ್ಟೇ ಹೊತ್ತು ಮೇಜಿನ ಮೇಲೆ ಬಿಟ್ಟಳು. ಆಮೇಲೆ ಮುಚ್ಚುಮದ್ದು ಹಾಕಿ ನೋಡಿದಳು. ಆರೋಗ್ಯವಾದ ಚೂರು ಥೇಟ್ ಕ್ಯಾನ್ಸರ್ ಗಡ್ಡೆಯ ಹಾಗೇ ಕಂಡಿತು.

ಶ್ರೀಕಂಠಯ್ಯನವರು ನೋಡಿ, "ಇನ್ನೊಂದ್ಸಲ ಮಾಡು" ಎಂದರು. ಮಾಡಿದಳು. ಅದೇ ಬಂತು. ಅವರು ಎದ್ದು ಹೋದರು. ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಇಷ್ಟು ವರ್ಷದ ಅವಳ ಕೆಲಸ ಗಾಳಿಗೆ ಹೋಗಿತ್ತು, ನಿಜವಾಗಿಯೂ ಗಾಳಿಗೇ.

ಮರುದಿನ ಬೆಳಿಗ್ಗೆ ನಾನು ಬಂದಾಗ ಶ್ರೀಕಂಠಯ್ಯನವರು ಚೈತ್ರಾಳ ಮೇಜಿನ ಮುಂದೆ ಕೂತಿದ್ದರು. ಹನಿ ಅಳೆಯುವ ಪಿಪೆಟ್ ಮುಟ್ಟದೆ ಅವರಿಗೆ ಎಷ್ಟೋ ಕಾಲವಾಗಿತ್ತು. ಕನ್ನಡಕ ಹಣೆಗೇರಿಸಿ, ಎಲ್ಲವನ್ನೂ ಅವರೇ ಮಾಡಿದರು. ಮಧ್ಯದಲ್ಲಿ "ಮುಚ್ಚುಮದ್ದು ಎಲ್ಲಿಟ್ಟಿದೀಯಮ್ಮ?" ಎಂದು ಚೈತ್ರಾಳನ್ನು ಕೇಳಿದರು. ಫಲಿತಾಂಶ ಬಂದ ಮೇಲೆ ಚೈತ್ರಾಳನ್ನು ಕರೆದು, "ನನ್ನ ಕೈಯಲ್ಲೂ ಅದೇ ಬಂತು. ಪೇಪರ್ ವಾಪಸ್ ತಗೋತೀನಿ. ಬೇಜಾರ್ ಮಾಡ್ಕೋಬೇಡ, ಹೆಸರು ಹೋದ್ರೆ ನನ್ನದು ಮೊದಲು ಹೋಗತ್ತೆ" ಎಂದರು. ಅವರ ಮೇಲಧಿಕಾರಿಯ ಗತ್ತು ನನಗೆ ಎಷ್ಟೋ ಸಲ ಸಿಟ್ಟು ತರಿಸಿದೆ. ಆ ದಿನ ಮಾತ್ರ ಕಾಲು ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು. ಫೆಲೋಶಿಪ್ಪನ್ನು ಒಂದಷ್ಟು ಕಾಲ ಮುಂದುವರಿಸಲು ಅವರೇ ಓಡಾಡಿದರು.

ಇನ್ನು ಉಳಿದದ್ದು ಗೌರಮ್ಮನವರಿಗೆ ಕೊಟ್ಟ ಮಾತು. ಚೈತ್ರಾ ಬರಲು ಒಪ್ಪಲಿಲ್ಲ. "ಏನೂ ಸಿಗಲಿಲ್ಲ ಅಂತ ಹೇಗ್ ಹೇಳೋದು ಮೇಡಂ?" ಎಂದಳು. "ಅವರು ಕೇಳಿದ್ದು ಏನ್ ಗೊತ್ತಾಯ್ತು ಅಂತ. ಗೊತ್ತಾಗಿದೆಯಲ್ಲ" ಎಂದು ಎಳೆದುಕೊಂಡು ಹೋದೆ.

ಅಕ್ಕಿಪೇಟೆಯಲ್ಲಿ ಅವರ ಅಂಗಡಿಯ ಮೇಲೆಯೇ ಮನೆ. ಗೌರಮ್ಮನವರು ಸೊರಗಿಹೋಗಿದ್ದರು, ದನಿ ಮಾತ್ರ ಹಾಗೇ ಇತ್ತು. ಚೈತ್ರಾ ತಲೆ ತಗ್ಗಿಸಿ ಕೂತಳು. ನಾನೇ ಬಾಳೆಹೂವಿನ ಕಥೆ ಹೇಳಿ ವಿವರಿಸಿದೆ. ನಾವು ನಿಮ್ಮ ಗಡ್ಡೆಯದು ಅಂದುಕೊಂಡಿದ್ದೆಲ್ಲ ಗಾಳಿಯದಾಗಿತ್ತು ಎಂದೆ.

ಅವರು ನಕ್ಕರು. "ಅಲ್ಲಾ, ಅಷ್ಟೊಂದ್ ಓದಿ ಮಜ್ಜಿಗೆಗೆ ಹಾಕೋದು ತಡ ಮಾಡಿದ್ರಾ?" ಎಂದರು. ಚೈತ್ರಾಳಿಗೂ ನಗು ಬಂತು, ಜೊತೆಗೆ ಅಳುವೂ. ಗೌರಮ್ಮನವರು ಅವಳ ಕೈಹಿಡಿದು ಹತ್ತಿರ ಕೂರಿಸಿಕೊಂಡರು. "ಅಳ್ಬೇಡ ಕಣೇ. ಇನ್ನೊಂದು ಕಡೆನೂ ಒಂದು ಗಂಟು ಬಂದಿದೆಯಂತೆ. ಮತ್ತೆ ಆಪರೇಷನ್ ಅಂದಿದಾರೆ. ಈ ಸಲ ಗಾಳಿ ತಾಗೋಕ್ ಮುಂಚೆ ತಗೋ."

ಯಾರೋ ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟರು, ಅದು ಹಾಗೇ ಉಳಿಯಿತು.

ಆಪರೇಷನ್ ಕೋಣೆಯ ಪಕ್ಕದಲ್ಲೇ ನಿಂತು ಮುಚ್ಚುಮದ್ದು ಹಾಕುತ್ತೇವೆ ಎಂದಾಗ, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಶೈಲಜಾ ಮೊದಲು ಖಡಾಖಂಡಿತವಾಗಿ ಆಗಲ್ಲ ಎಂದರು. ಆಪರೇಷನ್ ಕೋಣೆಯ ಹತ್ತಿರ ಹೊರಗಿನ ರಾಸಾಯನಿಕದ ಬಾಟಲಿ ತಂದು ನಿಲ್ಲುವುದೆಂದರೇನು? ಅವರು ಹೇಳಿದ್ದು ನ್ಯಾಯವಾಗಿತ್ತು. ಆಮೇಲೆ ಗೌರಮ್ಮನವರು ತಪಾಸಣೆಗೆ ಹೋದಾಗ ಏನು ಹೇಳಿದರೋ, ಡಾಕ್ಟರೇ ನನಗೆ ಫೋನ್ ಮಾಡಿದರು. "ನಿಮ್ಮ ಹುಡುಗಿಗೆ ಚೂರು ಕೊಡದೇ ಇದ್ರೆ ಮಂಚನೇ ಹತ್ತಲ್ಲ ಅಂತಿದಾರೆ ಕಣ್ರೀ ನಿಮ್ಮ ಪೇಷಂಟು. ಪಕ್ಕದ ಕೋಣೇಲಿ ನಿಲ್ಲಿ, ಒಳಗೆ ಕಾಲಿಡ್ಬೇಡಿ. ಪೆಥಾಲಜಿಯವ್ರು ಅಲ್ಲಿಗೇ ಬಂದು, ವರದಿಗೆ ತೊಂದ್ರೆ ಆಗದ ಹಾಗೆ ಮೊದ್ಲೇ ಒಂದು ಚೂರು ಕೊಡ್ತಾರೆ." ಹೀಗೆ ಆಸ್ಪತ್ರೆಯ ಸಮಿತಿಯ ಅನುಮತಿಯೂ ಸಿಕ್ಕಿ, ಎಲ್ಲ ಕ್ರಮವಾಗಿ ನಿಗದಿಯಾಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಚೈತ್ರಾ ಹಸಿರು ಗೌನು ತೊಟ್ಟು ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ. ಗೌರಮ್ಮನವರನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಬಂದರು. ವಿಭೂತಿ ಒರೆಸಿದ್ದರು, ಕರಡಿಗೆ ತೆಗೆದು ಮಗನ ಕೈಗೆ ಕೊಟ್ಟಿದ್ದರು. ಅದಿಲ್ಲದೆ ಅವರು ಬೇರೆ ಯಾರೋ ಅನ್ನಿಸಿತು. ಚೈತ್ರಾಳ ಹತ್ತಿರ ಬಂದಾಗ ಕೈ ಎತ್ತಿ ಮಂಚ ನಿಲ್ಲಿಸಿದರು.

"ಬಾಟ್ಲಿ ತಂದಿದೀಯೇನೇ?"

"ತಂದಿದೀನಿ ಅಮ್ಮ."

"ಮುಚ್ಚಳ ಮೊದ್ಲೇ ತೆಗ್ದಿಟ್ಕೋ. ಆಮೇಲೆ ತಿರುಗಿಸ್ತಾ ನಿಲ್ಬೇಡ."

ಚೂರು ಕೈಗೆ ಬಂದಾಗ ಮುಚ್ಚಳ ತೆರೆದೇ ಇತ್ತು. ಎರಡು ಚೂರುಗಳೂ ಒಂದೇ ರೀತಿಯಲ್ಲಿ, ಒಂದೇ ವೇಗದಲ್ಲಿ ಬಾಟಲಿಗಿಳಿದವು.

ಫಲಿತಾಂಶ ನೋಡುವ ದಿನ ಎಲ್ಲರೂ ಯಂತ್ರದ ಸುತ್ತ ನೆರೆದಿದ್ದೆವು. ಮೊದಲು ಕಾಣುತ್ತಿದ್ದ ವ್ಯತ್ಯಾಸಗಳಲ್ಲಿ ಬಹುಪಾಲು ಮಾಯವಾಗಿತ್ತು. ಆದರೆ ಬ್ರೇಕು ಪ್ರೋಟೀನಿನ ಒಂದು ಪಾಲು, ಚಿಕ್ಕ ಪಾಲು, ಗಡ್ಡೆಯಲ್ಲಿ ನಿಜವಾಗಿಯೂ ಕೈ ಹಿಡಿದುಕೊಂಡಿತ್ತು. ಆರೋಗ್ಯವಾದ ಚೂರಿನಲ್ಲಿ ಹಾಗಿರಲಿಲ್ಲ. ಚೈತ್ರಾ "ಸಿಕ್ತು!" ಎಂದು ಕೂಗಿ ಚಪ್ಪಾಳೆ ತಟ್ಟಿದಳು. ಮರುಗಳಿಗೆಯೇ ಕೈ ಇಳಿಸಿ ಕುರ್ಚಿಯಲ್ಲಿ ಕುಸಿದಳು. "ಮೇಡಂ, ಇದು ಗೌರಮ್ಮನವರದು" ಎಂದಳು. ಬ್ರೇಕು ಹಿಡಿಯದ ಕೋಶ ಅವರ ಮೈಯಲ್ಲಿತ್ತು. ಒಬ್ಬರ ಒಂದು ಚೂರಿನಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂದು ನಾನು ಹೇಳಿದೆ. ಅದು ಸರಿಯಾದ ಮಾತೇ, ಆದರೆ ಆ ಹೊತ್ತಿಗೆ ಯಾರ ಸಂಕಟವೂ ಅದರಿಂದ ಕಡಿಮೆಯಾಗಲಿಲ್ಲ.

ಈ ಸಲ ಅಕ್ಕಿಪೇಟೆಗೆ ಹೋಗೋಣ ಎಂದವಳು ಚೈತ್ರಾ. ಗೌರಮ್ಮನವರು ದಿಂಬಿಗೊರಗಿ ಕೂತಿದ್ದರು. ಕರಡಿಗೆ ಮತ್ತೆ ಕೊರಳಿಗೆ ಬಂದಿತ್ತು.

"ಏನ್ ಗೊತ್ತಾಯ್ತು?"

"ಸಿಕ್ತು ಅಮ್ಮ. ಸ್ವಲ್ಪವೇ" ಎಂದಳು ಚೈತ್ರಾ.

"ಗಾಳೀದಲ್ಲ ತಾನೆ?"

"ಅಲ್ಲಮ್ಮ. ನಿಮ್ದೇ."

ಕೆಳಗಿನ ಅಂಗಡಿಯಲ್ಲಿ ಮೂಟೆ ಇಳಿಸುವ ಸದ್ದು ಬರುತ್ತಿತ್ತು. ಗೌರಮ್ಮನವರು ಅದನ್ನು ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು.

"ಇದರಿಂದ ನನಗೇನಾದ್ರೂ ಉಪಯೋಗ ಆಗತ್ತೇನೇ?"

ಚೈತ್ರಾ ನನ್ನ ಮುಖ ನೋಡಲಿಲ್ಲ. ಅವರನ್ನೇ ನೋಡುತ್ತಾ ಹೇಳಿದಳು. "ಇಲ್ಲಮ್ಮ. ನಿಮಗೆ ಆಗಲ್ಲ."

ಗೌರಮ್ಮನವರು ತಲೆಯಾಡಿಸಿದರು. ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ಸರಿ. ಮುಂದಿನವಳ್ದು ತಗೊಳ್ಳೋವಾಗ್ಲೂ ಮುಚ್ಚಳ ಮೊದ್ಲೇ ತೆಗ್ದಿಟ್ಕೋ."